ಜಾಲತಾಣದ ಸರ್ಟಿಫಿಕೇಟ್ ಪರೀಕ್ಷೆಗೆ ಯಾವ ಕಮಾಂಡ್ ಲೈನ್ ಸಾಧನ? ಓಪನ್‌ಎಸ್‌ಎಸ್‌ಎಲ್‌ನಿಂದ ಟೆಸ್ಟ್‌ಎಸ್‌ಎಸ್‌ಎಲ್‌ವರೆಗೆ ಒಂದು ಹೋಲಿಕೆ

ಬ್ರೌಸರ್‌ನಲ್ಲಿ ಜಾಲತಾಣ ಯಾವ ತಕರಾರೂ ಇಲ್ಲದೆ ತೆರೆದುಕೊಳ್ಳುತ್ತದೆ. ಅದೇ ವಿಳಾಸವನ್ನು ಕರೆಯುವ ಮೊಬೈಲ್ ಆ್ಯಪ್ ಅಥವಾ ಇನ್ನೊಂದು ಸರ್ವರ್ ಮಾತ್ರ ಸರ್ಟಿಫಿಕೇಟನ್ನು (ತಾಣದ ಗುರುತನ್ನು ದೃಢಪಡಿಸುವ ಡಿಜಿಟಲ್ ಪ್ರಮಾಣಪತ್ರವನ್ನು) ನಂಬಲಾಗದು ಎಂದು ಸಂಪರ್ಕವನ್ನೇ ನಿರಾಕರಿಸುತ್ತದೆ. ಇಂಥ ಹೊತ್ತಿನಲ್ಲಿ ಟರ್ಮಿನಲ್ ತೆರೆದು ಕುಳಿತವರಿಗೆ ಎದುರಾಗುವ ಮೊದಲ ತೊಡಕು ಸಾಧನಗಳ ಹೆಚ್ಚಳವೇ. ಒಬ್ಬರು ಓಪನ್‌ಎಸ್‌ಎಸ್‌ಎಲ್ ಸಾಕು ಎನ್ನುತ್ತಾರೆ, ಇನ್ನೊಬ್ಬರು ಕರ್ಲ್ ಇರುವಾಗ ಬೇರೇನು ಬೇಕು ಎನ್ನುತ್ತಾರೆ, ಮತ್ತೊಬ್ಬರು ಎನ್‌ಮ್ಯಾಪ್ ಅಥವಾ ಟೆಸ್ಟ್‌ಎಸ್‌ಎಸ್‌ಎಲ್ ಕಡೆಗೆ ಕೈ ತೋರಿಸುತ್ತಾರೆ. ಒಂದೇ ಸರ್ವರ್‌ನ ಮೇಲೆ ಇವನ್ನೆಲ್ಲ ಓಡಿಸಿದರೆ ಒಂದು ಎಲ್ಲ ಸರಿಯಿದೆ ಎಂದೂ ಇನ್ನೊಂದು ದೋಷವಿದೆ ಎಂದೂ ಹೇಳುವುದುಂಟು. ಆಗ ಗೊಂದಲ ಇನ್ನಷ್ಟು ಬೆಳೆಯುತ್ತದೆ.

ಈ ಸಾಧನಗಳು ಉತ್ತರಿಸುವ ಪ್ರಶ್ನೆಗಳೇ ಬೇರೆ ಬೇರೆಯಾಗಿರುವುದರಿಂದ ಉತ್ತರಗಳೂ ಬೇರೆಯಾಗುತ್ತವೆ. ಕೆಲವು ಸರ್ವರ್ ಕಳುಹಿಸಿದ್ದನ್ನು ಇದ್ದಂತೆಯೇ ತೋರಿಸುತ್ತವೆ; ಕೆಲವು ಅದನ್ನು ಪರಿಶೀಲಿಸಿ ತೀರ್ಪು ಕೊಡುತ್ತವೆ. ತೋರಿಸುವ ಸಾಧನದಿಂದ ತೀರ್ಪನ್ನು ನಿರೀಕ್ಷಿಸುವುದು ಈ ಕ್ಷೇತ್ರದಲ್ಲಿ ನಾನು ಕಂಡ ಅತಿ ಸಾಮಾನ್ಯ ತಪ್ಪು. ಹಾಗಾಗಿ ಈ ಬರಹದುದ್ದಕ್ಕೂ ಪ್ರತಿಯೊಂದು ಸಾಧನವನ್ನೂ ಮೊದಲು ಅದು ತೋರಿಸುತ್ತದೆಯೋ ತೀರ್ಪು ಕೊಡುತ್ತದೆಯೋ ಎಂಬ ಪ್ರಶ್ನೆಯಿಂದಲೇ ಅಳೆದಿದ್ದೇನೆ. ಆಯ್ಕೆಗಳ ಹೆಸರುಗಳನ್ನು ಉಚ್ಚಾರಣೆಗೆ ತಕ್ಕಂತೆ ಕನ್ನಡದಲ್ಲಿಯೇ ಬರೆದಿದೆ. ಟೈಪ್ ಮಾಡುವಾಗ ಓಪನ್‌ಎಸ್‌ಎಸ್‌ಎಲ್‌ನ ಆಯ್ಕೆಗಳ ಮುಂದೆ ಒಂದು ಅಡ್ಡಗೆರೆ, ಉಳಿದವುಗಳ ಪೂರ್ಣ ಹೆಸರಿನ ಆಯ್ಕೆಗಳ ಮುಂದೆ ಸಾಮಾನ್ಯವಾಗಿ ಎರಡು ಅಡ್ಡಗೆರೆ ಬರುತ್ತವೆ ಎಂಬುದನ್ನು ನೆನಪಿಡಬೇಕು.

ಯಾವುದರಿಂದ ಅಳೆಯಬೇಕು

ಮೊದಲನೆಯ ಮಾನದಂಡ ಸರಪಳಿಗೆ ಸಂಬಂಧಿಸಿದ್ದು. ಸರ್ವರ್ ತನ್ನ ಸ್ವಂತ ಸರ್ಟಿಫಿಕೇಟಿನ ಜೊತೆಗೆ ಅದಕ್ಕೆ ಸಹಿ ಹಾಕಿದ ಮಧ್ಯಂತರ ಸರ್ಟಿಫಿಕೇಟನ್ನೂ ಕಳುಹಿಸಬೇಕು. ಮೂಲ ಸರ್ಟಿಫಿಕೇಟ್, ಅಂದರೆ ರೂಟ್, ಸಂಪರ್ಕಿಸುವವರ ಯಂತ್ರದಲ್ಲಿಯೇ ಇರುತ್ತದೆ. ಮಧ್ಯಂತರವನ್ನು ಕಳುಹಿಸಲು ಸರ್ವರ್ ಮರೆತಿದ್ದರೂ ಕ್ರೋಮ್ ಅದನ್ನು ಸರ್ಟಿಫಿಕೇಟಿನಲ್ಲಿರುವ ವಿಳಾಸದಿಂದ ತಾನೇ ತಂದುಕೊಳ್ಳುತ್ತದೆ, ಫೈರ್‌ಫಾಕ್ಸ್ ಮೊದಲೇ ಸಂಗ್ರಹಿಸಿಟ್ಟ ಮಧ್ಯಂತರಗಳ ಪಟ್ಟಿಯನ್ನು ಬಳಸುತ್ತದೆ. ಆ್ಯಪ್‌ಗಳು ಮತ್ತು ಸರ್ವರ್ ಪ್ರೋಗ್ರಾಂಗಳು ಹೆಚ್ಚಿನವು ಹಾಗೆ ಮಾಡುವುದಿಲ್ಲ. ಆರಂಭದಲ್ಲಿ ಹೇಳಿದ ಒಗಟಿಗೆ ಬಹುಪಾಲು ಸಲ ಇದೇ ಕಾರಣ. ಆದ್ದರಿಂದ ಸಾಧನವು ಸರ್ವರ್ ಕಳುಹಿಸಿದ ಸರಪಳಿಯನ್ನು ತೋರಿಸುತ್ತದೆಯೋ, ತಾನು ಕಟ್ಟಿಕೊಂಡ ಸರಪಳಿಯನ್ನು ತೋರಿಸುತ್ತದೆಯೋ, ಮತ್ತು ಯಾರ ವಿಶ್ವಾಸಪಟ್ಟಿಯ (ನಂಬಬಹುದಾದ ರೂಟ್‌ಗಳ ಪಟ್ಟಿಯ) ಆಧಾರದಲ್ಲಿ ಪರಿಶೀಲಿಸುತ್ತದೆ ಎಂಬುದನ್ನು ತಿಳಿಯದೆ ಅದರ ಮಾತನ್ನು ನಂಬುವಂತಿಲ್ಲ.

ಎರಡನೆಯದು ಹೆಸರು. ಒಂದೇ ಐಪಿ ವಿಳಾಸದಲ್ಲಿ ಹತ್ತಾರು ಜಾಲತಾಣಗಳು ಇರುವುದರಿಂದ, ತನಗೆ ಯಾವ ತಾಣ ಬೇಕೆಂದು ಸಂಪರ್ಕದ ಆರಂಭದಲ್ಲಿಯೇ ಗ್ರಾಹಕ, ಅಂದರೆ ಸಂಪರ್ಕಿಸುವ ಪ್ರೋಗ್ರಾಂ, ಹೇಳಬೇಕಾಗುತ್ತದೆ. ಇದಕ್ಕೆ ಎಸ್‌ಎನ್‌ಐ ಎಂದು ಹೆಸರು. ಹೇಳದಿದ್ದರೆ ಸರ್ವರ್ ತನ್ನ ಡೀಫಾಲ್ಟ್ ಸರ್ಟಿಫಿಕೇಟನ್ನು ಕೊಡುತ್ತದೆ, ನಾವು ಬೇರೆ ಯಾರದೋ ಸರ್ಟಿಫಿಕೇಟನ್ನು ನೋಡುತ್ತ ಗಾಬರಿಯಾಗುತ್ತೇವೆ. ಬಂದ ಸರ್ಟಿಫಿಕೇಟಿನಲ್ಲಿ ನಾವು ಕೇಳಿದ ಹೆಸರು ಇದೆಯೇ ಎಂದು ಹೋಲಿಸುವುದು ಇದಕ್ಕಿಂತ ಬೇರೆಯದೇ ಕೆಲಸ, ಮತ್ತು ಎಲ್ಲ ಸಾಧನಗಳೂ ಅದನ್ನು ತಾವಾಗಿ ಮಾಡುವುದಿಲ್ಲ.

ಮೂರನೆಯದು ಸ್ಕ್ರಿಪ್ಟಿನೊಳಗೆ ಬಳಸುವ ಅನುಕೂಲ, ಅಂದರೆ ಸ್ಪಷ್ಟವಾದ ಎಕ್ಸಿಟ್ ಕೋಡ್ (ಆಜ್ಞೆ ಮುಗಿದಾಗ ಫಲಿತಾಂಶವಾಗಿ ಕೊಡುವ ಸಂಖ್ಯೆ) ಅಥವಾ ಪ್ರೋಗ್ರಾಂಗಳು ಓದಬಲ್ಲ ಜೇಸನ್ ರೂಪದ ಔಟ್‌ಪುಟ್. ಇದು ಈಗ ಹಿಂದೆಂದಿಗಿಂತ ಮುಖ್ಯವಾಗಿದೆ. 2020ರ ಸೆಪ್ಟೆಂಬರ್‌ನಿಂದ ಸಾರ್ವಜನಿಕ ಸರ್ಟಿಫಿಕೇಟುಗಳ ಗರಿಷ್ಠ ಅವಧಿ 398 ದಿನಗಳಿತ್ತು. ಸರ್ಟಿಫಿಕೇಟ್ ಸಂಸ್ಥೆಗಳು ಮತ್ತು ಬ್ರೌಸರ್ ತಯಾರಕರ ಒಕ್ಕೂಟವಾದ ಸಿಎ/ಬ್ರೌಸರ್ ಫೋರಂ 2025ರ ಏಪ್ರಿಲ್‌ನಲ್ಲಿ ಕೈಗೊಂಡ ನಿರ್ಣಯದಂತೆ ಅದು 2026ರ ಮಾರ್ಚ್ 15ರಿಂದ 200 ದಿನಕ್ಕೆ, 2027ರ ಮಾರ್ಚ್ 15ರಿಂದ 100 ದಿನಕ್ಕೆ, 2029ರ ಮಾರ್ಚ್ 15ರಿಂದ 47 ದಿನಕ್ಕೆ ಇಳಿಯುತ್ತದೆ. ಅವಧಿ ಮುಗಿಯುವ ಮುನ್ನ ಮಿಂಚಂಚೆಯಲ್ಲಿ ಎಚ್ಚರಿಸುತ್ತಿದ್ದ, ಉಚಿತ ಸರ್ಟಿಫಿಕೇಟ್ ಕೊಡುವ ಸಂಸ್ಥೆಯಾದ ಲೆಟ್ಸ್ ಎನ್‌ಕ್ರಿಪ್ಟ್ ಕೂಡ 2025ರ ಜೂನ್‌ನಲ್ಲಿ ಆ ಸೇವೆಯನ್ನು ನಿಲ್ಲಿಸಿತು. ಹಾಗಾಗಿ ಕಣ್ಣಿನಿಂದ ನೋಡಿ ತೃಪ್ತಿಪಡುವ ಸಾಧನವೊಂದೇ ಸಾಲದು.

ಉಳಿದ ಮಾನದಂಡಗಳನ್ನು ಚುಟುಕಾಗಿ ಹೇಳಬಹುದು: ಮೇಲ್ ಅಥವಾ ಡೇಟಾಬೇಸ್ ಸರ್ವರ್‌ಗಳ ಸರ್ಟಿಫಿಕೇಟನ್ನೂ ನೋಡಬಲ್ಲದೇ, ಯಂತ್ರದಲ್ಲಿ ಮೊದಲೇ ಇರುತ್ತದೆಯೇ, ಎಷ್ಟು ಹೊತ್ತು ಹಿಡಿಯುತ್ತದೆ. ಇಲ್ಲಿ ಹೇಳುವ ಸಾಧನಗಳೆಲ್ಲವೂ ಉಚಿತವಾದ್ದರಿಂದ ಹಣದ ಲೆಕ್ಕ ಬರುವುದಿಲ್ಲ; ನಿಜವಾದ ವೆಚ್ಚ ಕಲಿಯುವ ಸಮಯ ಮತ್ತು ಕಚೇರಿಯ ಸರ್ವರ್‌ನಲ್ಲಿ ಹೊಸ ಪ್ರೋಗ್ರಾಂ ಹಾಕಲು ಪಡೆಯಬೇಕಾದ ಅನುಮತಿ.

ಓಪನ್‌ಎಸ್‌ಎಸ್‌ಎಲ್: ಎಲ್ಲವನ್ನೂ ತೋರಿಸುತ್ತದೆ, ಏನನ್ನೂ ತಡೆಯುವುದಿಲ್ಲ

ಲಿನಕ್ಸ್ ಯಂತ್ರಗಳಲ್ಲಿ ಬಹುತೇಕ ಎಲ್ಲ ಕಡೆ ಇರುವ ಸಾಧನ ಇದು. ಇದರ ಎಸ್_ಕ್ಲೈಂಟ್ ಎಂಬ ಉಪಆಜ್ಞೆ ಸರ್ವರ್‌ಗೆ ಸಂಪರ್ಕ ಕಲ್ಪಿಸಿ ಸರ್ಟಿಫಿಕೇಟನ್ನು ತರುತ್ತದೆ, ಎಕ್ಸ್509 ಎಂಬ ಉಪಆಜ್ಞೆ ಅದನ್ನು ಓದುವಂತೆ ಬಿಡಿಸಿಡುತ್ತದೆ. ಮೊದಲನೆಯದರ ಔಟ್‌ಪುಟ್ಟನ್ನು ಪೈಪ್ ಮೂಲಕ ಎರಡನೆಯದಕ್ಕೆ ಕೊಟ್ಟು, ನೋಔಟ್, ಸಬ್ಜೆಕ್ಟ್, ಇಶ್ಯೂಯರ್, ಡೇಟ್ಸ್ ಎಂಬ ಆಯ್ಕೆಗಳನ್ನು ಸೇರಿಸಿದರೆ ಯಾರ ಸರ್ಟಿಫಿಕೇಟ್, ಯಾರು ಕೊಟ್ಟದ್ದು, ಯಾವಾಗಿನಿಂದ ಯಾವಾಗಿನವರೆಗೆ ಎಂಬುದು ನಾಲ್ಕು ಸಾಲುಗಳಲ್ಲಿ ಸಿಗುತ್ತದೆ. ಎಸ್_ಕ್ಲೈಂಟ್ ಸಂಪರ್ಕವಾದ ಮೇಲೆ ನಮ್ಮ ಟೈಪಿಂಗಿಗಾಗಿ ಕಾಯುತ್ತ ಕುಳಿತುಕೊಳ್ಳುವುದರಿಂದ, ಅದರ ಇನ್‌ಪುಟ್ ಆಗಿ ಡೆವ್-ನಲ್ ಎಂಬ ಸದಾ ಖಾಲಿಯಿರುವ ಕಡತವನ್ನು ಕೊಡುವ ಅಭ್ಯಾಸ ಮಾಡಿಕೊಳ್ಳುವುದು ಒಳ್ಳೆಯದು; ಇಲ್ಲವಾದರೆ ಆಜ್ಞೆ ಸಿಕ್ಕಿಹಾಕಿಕೊಂಡಿದೆ ಎಂದು ಹೊಸಬರು ಭಾವಿಸುತ್ತಾರೆ.

ಇದರ ದೊಡ್ಡ ಶಕ್ತಿ ಶೋಸರ್ಟ್ಸ್ ಆಯ್ಕೆ. ಸರ್ವರ್ ಯಾವ ಸರ್ಟಿಫಿಕೇಟುಗಳನ್ನು ಯಾವ ಕ್ರಮದಲ್ಲಿ ಕಳುಹಿಸಿತೋ ಅದೇ ಕ್ರಮದಲ್ಲಿ ಅವನ್ನು ಇದು ಮುಂದಿಡುತ್ತದೆ. ಪಟ್ಟಿಯಲ್ಲಿ ಒಂದೇ ಸರ್ಟಿಫಿಕೇಟ್ ಇದ್ದು, ಕೊನೆಯಲ್ಲಿ ಪರಿಶೀಲನೆಯ ಸಂಕೇತ 21 ಎಂದು ಬಂದರೆ ಮಧ್ಯಂತರ ಸರ್ಟಿಫಿಕೇಟ್ ಬಿಟ್ಟುಹೋಗಿರುವ ಸಾಧ್ಯತೆ ಹೆಚ್ಚು. ಸಂಕೇತ 10 ಎಂದರೆ ಅವಧಿ ಮುಗಿದಿದೆ; 18 ಎಂದರೆ ಸರ್ಟಿಫಿಕೇಟ್ ತನಗೆ ತಾನೇ ಸಹಿ ಹಾಕಿಕೊಂಡದ್ದು; 19 ಎಂದರೆ ಸರಪಳಿಯ ತುದಿಯಲ್ಲಿರುವ ರೂಟ್ ನಮ್ಮ ವಿಶ್ವಾಸಪಟ್ಟಿಯಲ್ಲಿಲ್ಲ. ಈ ನಾಲ್ಕನ್ನು ಗೊತ್ತುಮಾಡಿಕೊಂಡವರಿಗೆ ದಿನನಿತ್ಯದ ಹೆಚ್ಚಿನ ತೊಂದರೆಗಳ ಮೂಲ ಸಿಕ್ಕಿಬಿಡುತ್ತದೆ.

ಆದರೆ ತೀರ್ಪಿನ ವಿಷಯದಲ್ಲಿ ಎಸ್_ಕ್ಲೈಂಟ್ ಉದ್ದೇಶಪೂರ್ವಕವಾಗಿಯೇ ಉದಾಸೀನವಾಗಿದೆ. ಅದು ಮೂಲತಃ ಪರೀಕ್ಷೆಗಾಗಿ ಬರೆದ ಸಾಧನವಾದ್ದರಿಂದ ಪರಿಶೀಲನೆ ವಿಫಲವಾದರೂ ಸಂಪರ್ಕವನ್ನು ಮುಂದುವರಿಸುತ್ತದೆ. ವಿಫಲವಾದಾಗ ನಿಲ್ಲಬೇಕೆಂದರೆ ವೆರಿಫೈ_ರಿಟರ್ನ್_ಎರರ್ ಎಂಬ ಆಯ್ಕೆಯನ್ನು ನಾವೇ ಕೊಡಬೇಕು. ಇನ್ನೂ ಮುಖ್ಯವಾಗಿ, ಅದು ಹೆಸರನ್ನು ತಾನಾಗಿ ಹೋಲಿಸುವುದಿಲ್ಲ. ಬೇರೆ ಯಾವುದೋ ತಾಣದ, ಆದರೆ ಕ್ರಮಬದ್ಧವಾದ ಸರ್ಟಿಫಿಕೇಟ್ ಬಂದರೂ ಸಂಕೇತ 0, ಎಲ್ಲ ಸರಿ ಎಂದೇ ಬರೆಯುತ್ತದೆ. ವೆರಿಫೈ_ಹೋಸ್ಟ್‌ನೇಮ್ ಆಯ್ಕೆಯೊಡನೆ ಹೆಸರನ್ನು ಕೊಟ್ಟರೆ ಮಾತ್ರ ಸಂಕೇತ 62 ಎಂದು ಹೊಂದಿಕೆಯಾಗದ ಹೆಸರನ್ನು ಎತ್ತಿ ತೋರಿಸುತ್ತದೆ. ಸಂಕೇತ 0 ಕಂಡೊಡನೆ ಕೆಲಸ ಮುಗಿಯಿತು ಎಂದು ಎದ್ದು ಹೋಗುವವರು ಈ ಒಂದು ಸಾಲನ್ನು ಎರಡು ಸಲ ಓದಬೇಕು.

ಎಸ್‌ಎನ್‌ಐ ವಿಷಯದಲ್ಲಿ ಆವೃತ್ತಿಯನ್ನು ಗಮನಿಸಬೇಕು. 2018ರಲ್ಲಿ ಬಂದ 1.1.1 ಆವೃತ್ತಿಯಿಂದ ಈಚೆಗೆ ಕನೆಕ್ಟ್ ಆಯ್ಕೆಗೆ ಕೊಟ್ಟ ಹೆಸರನ್ನೇ ಎಸ್‌ಎನ್‌ಐ ಆಗಿ ತಾನೇ ಕಳುಹಿಸುತ್ತದೆ. ಅದಕ್ಕಿಂತ ಹಳೆಯದರಲ್ಲಿ ಸರ್ವರ್‌ನೇಮ್ ಆಯ್ಕೆಯನ್ನು ಪ್ರತ್ಯೇಕವಾಗಿ ಕೊಡಬೇಕು. ಸಂಪರ್ಕಗಳನ್ನು ಹಲವು ಯಂತ್ರಗಳಿಗೆ ಹಂಚುವ ಲೋಡ್ ಬ್ಯಾಲೆನ್ಸರ್‌ನ ಹಿಂದಿರುವ ಒಂದು ನಿರ್ದಿಷ್ಟ ಯಂತ್ರವನ್ನು ಐಪಿ ವಿಳಾಸದಿಂದ ನೇರವಾಗಿ ಪರೀಕ್ಷಿಸುವಾಗಲಂತೂ ಯಾವ ಆವೃತ್ತಿಯಲ್ಲಿಯೂ ಸರ್ವರ್‌ನೇಮ್ ಬೇಕೇ ಬೇಕು. ಮ್ಯಾಕ್ ಯಂತ್ರಗಳಲ್ಲಿ ಓಪನ್‌ಎಸ್‌ಎಸ್‌ಎಲ್ ಎಂಬ ಹೆಸರಿನಲ್ಲಿ ಸಿಗುವುದು, 2014ರಲ್ಲಿ ಓಪನ್‌ಬಿಎಸ್‌ಡಿ ತಂಡ ಅದರಿಂದ ಕವಲೊಡೆಸಿದ ಲಿಬ್ರೆಎಸ್‌ಎಸ್‌ಎಲ್. ಲಿನಕ್ಸ್‌ನಲ್ಲಿ ಕೆಲಸ ಮಾಡಿದ ಆಜ್ಞೆ ಅಲ್ಲಿ ಆಯ್ಕೆಯೇ ಇಲ್ಲ ಎಂದು ದೂರಿದರೆ ಕಾರಣ ಅದೇ.

ಅವಧಿಯ ಕಾವಲಿಗೆ ಎಕ್ಸ್509ರ ಚೆಕ್‌ಎಂಡ್ ಆಯ್ಕೆ ಬಹಳ ಜನಪ್ರಿಯ. ಸೆಕೆಂಡುಗಳಲ್ಲಿ ಒಂದು ಅವಧಿಯನ್ನು ಕೊಟ್ಟರೆ, ಅಷ್ಟರೊಳಗೆ ಸರ್ಟಿಫಿಕೇಟ್ ಮುಗಿಯುವುದಾದರೆ ಎಕ್ಸಿಟ್ ಕೋಡ್ 1, ಇಲ್ಲವಾದರೆ 0. ಇದರಲ್ಲಿ ಮೂರು ಹೊಂಡಗಳಿವೆ. ಎಕ್ಸ್509 ತನಗೆ ಬಂದ ಪಠ್ಯದಲ್ಲಿ ಮೊದಲ ಸರ್ಟಿಫಿಕೇಟನ್ನು ಮಾತ್ರ ಓದುತ್ತದೆ, ಆದ್ದರಿಂದ ಮಧ್ಯಂತರದ ಅವಧಿ ಮುಗಿಯುತ್ತಿದ್ದರೆ ಗೊತ್ತಾಗುವುದಿಲ್ಲ. ಸರ್ವರ್ ಸಂಪರ್ಕಕ್ಕೇ ಸಿಗದಿದ್ದರೂ ಓದಲು ಸರ್ಟಿಫಿಕೇಟ್ ಇಲ್ಲದೆ ಅದು ವಿಫಲವಾಗುತ್ತದೆ, ಹೀಗಾಗಿ ಸರ್ವರ್ ನಿಂತಿದೆಯೋ ಸರ್ಟಿಫಿಕೇಟ್ ಮುಗಿಯುತ್ತಿದೆಯೋ ಎಂದು ಸ್ಕ್ರಿಪ್ಟ್ ಬೇರ್ಪಡಿಸಲಾರದು. ಮೂರನೆಯದು ಹಳೆಯ ಅಭ್ಯಾಸದ ಫಲ: 30 ದಿನಗಳಿಗೆ ಸಮನಾದ 2592000 ಎಂಬ ಸಂಖ್ಯೆಯನ್ನು ಎಲ್ಲರೂ ಒಬ್ಬರಿಂದೊಬ್ಬರು ನಕಲು ಮಾಡಿಕೊಂಡಿದ್ದಾರೆ. 47 ದಿನಗಳ ಸರ್ಟಿಫಿಕೇಟನ್ನು ಅದರ ಆಯುಷ್ಯದ ಮೂರನೆಯ ಎರಡು ಭಾಗ ಕಳೆದಾಗ ನವೀಕರಿಸಿದರೆ ಆ ಹೊತ್ತಿಗೆ ಉಳಿದಿರುವುದು ಸುಮಾರು 16 ದಿನ. ಅಂದರೆ ಎಲ್ಲವೂ ಸರಿಯಾಗಿಯೇ ನಡೆಯುತ್ತಿರುವಾಗಲೂ 30 ದಿನಗಳ ಎಚ್ಚರಿಕೆ ಪ್ರತಿ ಸುತ್ತಿನಲ್ಲಿ ಎರಡು ವಾರ ಕೂಗುತ್ತದೆ, ಮತ್ತು ಸದಾ ಕೂಗುವ ಎಚ್ಚರಿಕೆಗೆ ಯಾರೂ ಕಿವಿಗೊಡುವುದಿಲ್ಲ. ನವೀಕರಣ ನಡೆಯಬೇಕಾದ ದಿನಕ್ಕಿಂತ ಕೆಲವು ದಿನ ತಡವಾಗಿ ಮಾತ್ರ ಎಚ್ಚರಿಸುವಂತೆ ಈ ಮಿತಿಯನ್ನು ಇಳಿಸಬೇಕು.

ಮೇಲ್ ಸರ್ವರ್‌ಗಳ ವಿಷಯದಲ್ಲಿ ಮಾತ್ರ ಓಪನ್‌ಎಸ್‌ಎಸ್‌ಎಲ್ ಎದುರಿಲ್ಲದ್ದು ಎನ್ನಬಹುದು. ಸ್ಟಾರ್ಟ್‌ಟಿಎಲ್‌ಎಸ್ ಆಯ್ಕೆಯೊಡನೆ ಎಸ್‌ಎಂಟಿಪಿ, ಐಮ್ಯಾಪ್, ಪಾಪ್3, ಎಲ್‌ಡ್ಯಾಪ್, ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್ ಮುಂತಾದ ಯಾವ ಪ್ರೋಟೋಕಾಲ್ ಹೆಸರನ್ನು ಕೊಟ್ಟರೂ ಮೊದಲು ಸಾದಾ ಸಂಭಾಷಣೆ ನಡೆಸಿ, ಆಮೇಲೆ ಗೂಢಲಿಪೀಕರಣಕ್ಕೆ ಹೊರಳಿ ಸರ್ಟಿಫಿಕೇಟನ್ನು ತಂದುಕೊಡುತ್ತದೆ.

ಕರ್ಲ್: ನೇರ ತೀರ್ಪು

ಕರ್ಲ್ ತೀರ್ಪು ಕೊಡುವ ಸಾಧನ. ಸರಪಳಿ, ಅವಧಿ, ಹೆಸರು ಮೂರನ್ನೂ ಕೇಳದೆಯೇ ಪರಿಶೀಲಿಸುತ್ತದೆ. ಯಾವುದಾದರೂ ಒಂದು ತಪ್ಪಿದರೂ ಎಕ್ಸಿಟ್ ಕೋಡ್ 60 ಕೊಟ್ಟು ನಿಲ್ಲುತ್ತದೆ. ಸಂಪರ್ಕವೇ ಆಗದಿದ್ದರೆ ಕೋಡ್ 7, ಹೆಸರು ಡಿಎನ್‌ಎಸ್‌ನಲ್ಲಿ (ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ವ್ಯವಸ್ಥೆಯಲ್ಲಿ) ಸಿಗದಿದ್ದರೆ 6; ಹೀಗೆ ಪ್ರತಿ ದೋಷಕ್ಕೂ ಬೇರೆ ಸಂಖ್ಯೆ ಇರುವುದರಿಂದ ಸ್ಕ್ರಿಪ್ಟ್ ಬರೆಯುವವರಿಗೆ ಓಪನ್‌ಎಸ್‌ಎಸ್‌ಎಲ್ ಪೈಪಿಗಿಂತ ಇದು ಎಷ್ಟೋ ನೆಮ್ಮದಿ. ನನ್ನ ಗ್ರಾಹಕ ಪ್ರೋಗ್ರಾಂಗಳು ಈ ಸರ್ವರನ್ನು ನಂಬುತ್ತವೆಯೇ ಎಂಬ ಪ್ರಶ್ನೆಗೆ ಇದರಷ್ಟು ನೇರವಾದ ಉತ್ತರ ಕೊಡುವ ಸಾಧನ ಬೇರೊಂದಿಲ್ಲ, ಏಕೆಂದರೆ ಇದು ಸ್ವತಃ ಅಂಥದೇ ಒಂದು ಗ್ರಾಹಕ ಪ್ರೋಗ್ರಾಂ.

ರಿಸಾಲ್ವ್ ಎಂಬ ಆಯ್ಕೆ ವಿಶೇಷವಾಗಿ ಉಪಯುಕ್ತ. ತಾಣದ ಹೆಸರು, ಪೋರ್ಟ್, ಐಪಿ ವಿಳಾಸ ಮೂರನ್ನು ಕೋಲನ್ (:) ಚಿಹ್ನೆಯಿಂದ ಬೇರ್ಪಡಿಸಿ ಕೊಟ್ಟರೆ ಡಿಎನ್‌ಎಸ್ ಅನ್ನು ಬದಿಗಿಟ್ಟು ಆ ಐಪಿಗೇ ಹೋಗುತ್ತದೆ, ಆದರೆ ಎಸ್‌ಎನ್‌ಐ ಮತ್ತು ಹೆಸರಿನ ಹೋಲಿಕೆ ಎರಡೂ ಯಥಾಪ್ರಕಾರ ನಡೆಯುತ್ತವೆ. ಹೊಸ ಸರ್ವರ್‌ಗೆ ಡಿಎನ್‌ಎಸ್ ಬದಲಿಸುವ ಮೊದಲೇ ಅಲ್ಲಿ ಸರಿಯಾದ ಸರ್ಟಿಫಿಕೇಟ್ ಕುಳಿತಿದೆಯೇ ಎಂದು ನೋಡಲು ಇದಕ್ಕಿಂತ ಚೊಕ್ಕ ದಾರಿ ನನಗೆ ಗೊತ್ತಿಲ್ಲ.

ವಿವರ ತೋರಿಸುವುದರಲ್ಲಿ ಕರ್ಲ್ ಕೃಪಣ. ವರ್ಬೋಸ್ ಆಯ್ಕೆ ಕೊಟ್ಟರೆ ಸಬ್ಜೆಕ್ಟ್, ಆರಂಭ ಮತ್ತು ಅಂತ್ಯದ ದಿನಾಂಕ, ಹೊಂದಿಕೆಯಾದ ಹೆಸರು, ಕೊಟ್ಟ ಸಂಸ್ಥೆ ಇಷ್ಟು ಬರುತ್ತದೆ. ಪೂರ್ತಿ ಸರಪಳಿ ಬೇಕೆಂದರೆ 7.88.0 ಆವೃತ್ತಿಯಲ್ಲಿ ಸೇರಿದ, ರೈಟ್-ಔಟ್ ಆಯ್ಕೆಯೊಳಗೆ ಬಳಸುವ ಸರ್ಟ್ಸ್ ಎಂಬ ಚರಾಂಶವನ್ನು ಉಪಯೋಗಿಸಬೇಕು. ಅವಧಿ ಮುಗಿದ ಮೇಲೆ ತಪ್ಪದೆ ಹೇಳುತ್ತದೆಯಾದರೂ ಇನ್ನು ಹತ್ತು ದಿನದಲ್ಲಿ ಮುಗಿಯುತ್ತದೆ ಎಂದು ಮುಂಚಿತವಾಗಿ ಹೇಳುವ ವ್ಯವಸ್ಥೆ ಇದರಲ್ಲಿಲ್ಲ. ಇನ್ಸೆಕ್ಯೂರ್ ಆಯ್ಕೆಯನ್ನು, ಅಂದರೆ ಚಿಕ್ಕ ರೂಪದ ಕೆ ಅಕ್ಷರವನ್ನು, ತನಿಖೆಯ ಹೊತ್ತಿನಲ್ಲಿ ಬಳಸಿದರೂ ಸ್ಕ್ರಿಪ್ಟಿನಲ್ಲಿ ಉಳಿಸಬಾರದು. ಅದು ಉಳಿದರೆ ಪರೀಕ್ಷೆಗೆ ಅರ್ಥವೇ ಇರುವುದಿಲ್ಲ.

ಇನ್ನೊಂದು ಸೂಕ್ಷ್ಮವಿದೆ. ಕರ್ಲ್ ಎಲ್ಲ ಕಡೆ ಗೂಢಲಿಪೀಕರಣದ ಒಂದೇ ಗ್ರಂಥಾಲಯದ (ಸಿದ್ಧ ಕೋಡ್ ಸಂಗ್ರಹದ) ಮೇಲೆ ನಿಂತಿಲ್ಲ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಓಪನ್‌ಎಸ್‌ಎಸ್‌ಎಲ್ ಇದ್ದರೆ, ವಿಂಡೋಸ್ 10ರ 1803 ಆವೃತ್ತಿಯಿಂದ ಜೊತೆಗೇ ಬರುವ ಕರ್ಲ್ ವಿಂಡೋಸ್‌ನದೇ ಆದ ಎಸ್‌ಚಾನೆಲ್ ಅನ್ನು ಬಳಸುತ್ತದೆ. ವಿಂಡೋಸ್ ಬಿಟ್ಟುಹೋದ ಮಧ್ಯಂತರವನ್ನು ತಾನೇ ತಂದುಕೊಳ್ಳುವ ಸ್ವಭಾವದ್ದಾದ್ದರಿಂದ, ಲಿನಕ್ಸ್‌ನಲ್ಲಿ 60 ಕೊಟ್ಟ ಸರ್ವರ್ ವಿಂಡೋಸ್‌ನಲ್ಲಿ ತೇರ್ಗಡೆಯಾಗಬಹುದು. ವರ್ಬೋಸ್ ಔಟ್‌ಪುಟ್‌ನಲ್ಲಿ ಸರ್ಟಿಫಿಕೇಟಿನ ವಿವರವೂ ಅಲ್ಲಿ ಕಡಿಮೆ. ಸರಪಳಿಯ ಪೂರ್ಣತೆಯನ್ನು ಪರೀಕ್ಷಿಸುವವರು ಈ ಕಾರಣಕ್ಕೆ ಲಿನಕ್ಸ್ ಯಂತ್ರದಿಂದ ಓಡಿಸುವುದು ಕ್ಷೇಮ.

ಸ್ಟೆಪ್ ಮತ್ತು ಗ್ನುಟಿಎಲ್‌ಎಸ್: ಎರಡರ ನಡುವಣ ಹಾದಿ

ಸ್ಮಾಲ್‌ಸ್ಟೆಪ್ ಸಂಸ್ಥೆಯ ಸ್ಟೆಪ್ ಎಂಬ ಸಾಧನ ಓದುವವರ ಕಷ್ಟವನ್ನು ಅರಿತು ಮಾಡಿದ್ದು. ಸ್ಟೆಪ್ ಸರ್ಟಿಫಿಕೇಟ್ ಇನ್‌ಸ್ಪೆಕ್ಟ್ ಎಂಬ ಆಜ್ಞೆಗೆ ತಾಣದ ವಿಳಾಸವನ್ನೇ ಕೊಟ್ಟರೆ ಸಾಕು, ಪೈಪ್ ಬೇಡ, ಡೆವ್-ನಲ್ ಬೇಡ. ಶಾರ್ಟ್ ಎಂದರೆ ಕೆಲವೇ ಸಾಲುಗಳ ಸಾರಾಂಶ, ಬಂಡಲ್ ಎಂದರೆ ಇಡೀ ಸರಪಳಿ, ಫಾರ್ಮ್ಯಾಟ್ ಜೇಸನ್ ಎಂದರೆ ಸ್ಕ್ರಿಪ್ಟಿಗೆ ಸಿದ್ಧವಾದ ರೂಪ. ಪರಿಶೀಲನೆಯನ್ನೂ ತಾನೇ ಮಾಡುತ್ತದೆ. ಇದರ ನೀಡ್ಸ್-ರಿನ್ಯೂವಲ್ ಆಜ್ಞೆ ನನಗೆ ಬಹಳ ಹಿಡಿಸಿದ್ದು, ಏಕೆಂದರೆ ಅದು ಉಳಿದ ದಿನಗಳ ಬದಲಿಗೆ ಕಳೆದ ಆಯುಷ್ಯದ ಭಾಗವನ್ನು ನೋಡುತ್ತದೆ: ಬೇರೇನೂ ಹೇಳದಿದ್ದರೆ ಆಯುಷ್ಯದ 66 ಪ್ರತಿಶತ ಕಳೆದ ಮೇಲೆ ನವೀಕರಿಸಬೇಕು ಎನ್ನುತ್ತದೆ. 398 ದಿನಗಳ ಸರ್ಟಿಫಿಕೇಟಿಗೂ 47 ದಿನಗಳದಕ್ಕೂ ಒಂದೇ ಸ್ಕ್ರಿಪ್ಟ್ ಸಾಕಾಗುತ್ತದೆ. ಆದರೆ ಎಕ್ಸಿಟ್ ಕೋಡ್ ಇಲ್ಲಿ ತಿರುವುಮುರುವು: ನವೀಕರಣ ಬೇಕಾಗಿದ್ದರೆ 0, ಬೇಡವಾಗಿದ್ದರೆ 1. ಚೆಕ್‌ಎಂಡ್‌ನಿಂದ ಇದಕ್ಕೆ ಬದಲಾಯಿಸುವವರು ಷರತ್ತನ್ನೂ ತಿರುಗಿಸಿ ಬರೆಯಬೇಕು. ಕೊರತೆಯೆಂದರೆ ಇದು ಯಾವ ಯಂತ್ರದಲ್ಲಿಯೂ ಮೊದಲೇ ಇರುವುದಿಲ್ಲ. ಕೆಲವು ಲಿನಕ್ಸ್ ವಿತರಣೆಗಳಲ್ಲಿ ಸ್ಟೆಪ್ ಎಂಬ ಹೆಸರಿನ ಬೇರೊಂದು ಪ್ರೋಗ್ರಾಂ ಇರುವುದರಿಂದ ಸ್ಟೆಪ್-ಸಿಎಲ್‌ಐ ಎಂದು ಹುಡುಕಬೇಕಾಗುತ್ತದೆ.

ಗ್ನುಟಿಎಲ್‌ಎಸ್-ಸಿಎಲ್‌ಐ ಅಷ್ಟಾಗಿ ಹೆಸರು ಮಾಡಿಲ್ಲ, ಆದರೆ ಗುಣದಲ್ಲಿ ಕಡಿಮೆಯಿಲ್ಲ. ಸರ್ವರ್ ಕಳುಹಿಸಿದ ಪ್ರತಿ ಸರ್ಟಿಫಿಕೇಟಿನ ವಿವರವನ್ನೂ ಅವಧಿ ಸಮೇತ ತೋರಿಸುತ್ತದೆ, ಹೆಸರು ಮತ್ತು ಸರಪಳಿ ಎರಡನ್ನೂ ತಾನಾಗಿ ಪರಿಶೀಲಿಸುತ್ತದೆ, ತಪ್ಪಿದ್ದರೆ ಸಂಪರ್ಕ ಕಡಿಯುತ್ತದೆ. ಅಂದರೆ ಎಸ್_ಕ್ಲೈಂಟ್‌ನ ವಿವರವೂ ಕರ್ಲ್‌ನ ಶಿಸ್ತೂ ಒಂದೇ ಕಡೆ ಸಿಕ್ಕಂತಾಯಿತು. ಇದು ಓಪನ್‌ಎಸ್‌ಎಸ್‌ಎಲ್ ಅನ್ನು ಅವಲಂಬಿಸದೆ ಸ್ವತಂತ್ರವಾಗಿ ಬೆಳೆದ ಗ್ರಂಥಾಲಯದ ಮೇಲೆ ನಿಂತಿರುವುದರಿಂದ ಎರಡನೆಯ ಅಭಿಪ್ರಾಯಕ್ಕೂ ಒದಗುತ್ತದೆ.

ಎರಡನೆಯ ಅಭಿಪ್ರಾಯ ಏಕೆ ಬೇಕು ಎಂಬುದಕ್ಕೆ ಎರಡು ದಿನಾಂಕಗಳು ಸಾಕ್ಷಿ. 2020ರ ಮೇ 30ರಂದು ಆ್ಯಡ್‌ಟ್ರಸ್ಟ್ ಹೆಸರಿನ ಹಳೆಯ ರೂಟ್ ಸರ್ಟಿಫಿಕೇಟಿನ ಅವಧಿ ಮುಗಿಯಿತು. 2021ರ ಸೆಪ್ಟೆಂಬರ್ 30ರಂದು ಲೆಟ್ಸ್ ಎನ್‌ಕ್ರಿಪ್ಟ್ ಬಳಸುತ್ತಿದ್ದ ಡಿಎಸ್‌ಟಿ ರೂಟ್ ಸಿಎ ಎಕ್ಸ್3ರ ಅವಧಿ ಮುಗಿಯಿತು. ಎರಡು ಸಲವೂ ಸರ್ವರ್‌ಗಳ ಸ್ವಂತ ಸರ್ಟಿಫಿಕೇಟುಗಳಿಗೆ ಏನೂ ಆಗಿರಲಿಲ್ಲ, ನಂಬಲರ್ಹ ರೂಟ್‌ಗೆ ತಲುಪುವ ಇನ್ನೊಂದು ದಾರಿಯೂ ಇತ್ತು. ಹೊಸ ಬ್ರೌಸರ್‌ಗಳು ಆ ದಾರಿ ಹಿಡಿದವು. ಓಪನ್‌ಎಸ್‌ಎಸ್‌ಎಲ್‌ನ 1.0 ಸರಣಿಯ ಆವೃತ್ತಿಗಳು ಸರ್ವರ್ ಕಳುಹಿಸಿದ ಹಳೆಯ ದಾರಿಯನ್ನೇ ಹಿಡಿದು, ಕೊನೆಯಲ್ಲಿ ಮುಗಿದ ರೂಟ್ ಕಂಡು, ಸಂಪರ್ಕವನ್ನು ನಿರಾಕರಿಸಿದವು. ಪರೀಕ್ಷಿಸುವ ಯಂತ್ರದಲ್ಲಿ ಹೊಸ ಆವೃತ್ತಿ, ಗ್ರಾಹಕರ ಯಂತ್ರಗಳಲ್ಲಿ ಹಳೆಯ ಆವೃತ್ತಿ ಇದ್ದರೆ ಪರೀಕ್ಷೆಯ ಫಲಿತಾಂಶ ಗ್ರಾಹಕರ ಅನುಭವವನ್ನು ಪ್ರತಿನಿಧಿಸುವುದಿಲ್ಲ.

ಎನ್‌ಮ್ಯಾಪ್: ಲೆಕ್ಕ ತೆಗೆಯಲು

ಯಾವ ಯಂತ್ರದ ಯಾವ ಪೋರ್ಟ್‌ನಲ್ಲಿ ಎಂಥ ಸರ್ಟಿಫಿಕೇಟ್ ಇದೆ ಎಂಬುದೇ ಗೊತ್ತಿಲ್ಲದ ಜಾಲಕ್ಕೆ ಎನ್‌ಮ್ಯಾಪ್ ಸೂಕ್ತ. ಎಸ್‌ಎಸ್‌ಎಲ್-ಸರ್ಟ್ ಎಂಬ ಸ್ಕ್ರಿಪ್ಟಿನೊಡನೆ ಇಡೀ ವಿಳಾಸ ಶ್ರೇಣಿಯನ್ನು ಕೊಟ್ಟರೆ ಪ್ರತಿ ಯಂತ್ರದ ಸಬ್ಜೆಕ್ಟ್, ಪರ್ಯಾಯ ಹೆಸರುಗಳು, ಕೀಲಿಯ ಬಗೆ ಮತ್ತು ಗಾತ್ರ, ದಿನಾಂಕಗಳನ್ನು ಸಾಲಾಗಿ ಕೊಡುತ್ತದೆ. ಎಕ್ಸ್‌ಎಂಎಲ್ ರೂಪದಲ್ಲಿಯೂ ಉಳಿಸಬಹುದು. ಇದು ಕೇವಲ ತೋರಿಸುವ ಸಾಧನ, ಸರಪಳಿ ನಂಬಲರ್ಹವೇ ಎಂದು ಹೇಳುವುದಿಲ್ಲ. ಐಪಿ ಶ್ರೇಣಿಯನ್ನು ಕೊಟ್ಟಾಗ ಎಸ್‌ಎನ್‌ಐಗೆ ಹೆಸರೇ ಇಲ್ಲದಿರುವುದರಿಂದ ಡೀಫಾಲ್ಟ್ ಸರ್ಟಿಫಿಕೇಟುಗಳೇ ಸಿಗುತ್ತವೆ ಎಂಬುದನ್ನೂ ಗಮನದಲ್ಲಿಡಬೇಕು. ನಿಮ್ಮದಲ್ಲದ ಜಾಲವನ್ನು ಹೀಗೆ ಜಾಲಾಡುವುದಕ್ಕೆ ಅದರ ಒಡೆಯರ ಲಿಖಿತ ಒಪ್ಪಿಗೆ ಇರಲೇಬೇಕು.

ಟೆಸ್ಟ್‌ಎಸ್‌ಎಸ್‌ಎಲ್ ಮತ್ತು ಅದರ ಒಡನಾಡಿಗಳು

ಟೆಸ್ಟ್‌ಎಸ್‌ಎಸ್‌ಎಲ್ ಒಂದು ದೊಡ್ಡ ಬ್ಯಾಷ್ ಸ್ಕ್ರಿಪ್ಟ್. ಕರ್ಲ್ ನಾಡಿ ಹಿಡಿದು ನೋಡುವ ವೈದ್ಯನಾದರೆ ಇದು ತಲೆಯಿಂದ ಕಾಲಿನವರೆಗಿನ ತಪಾಸಣೆ: ಯಾವ ಪ್ರೋಟೋಕಾಲ್ ಆವೃತ್ತಿಗಳು ತೆರೆದಿವೆ, ಯಾವ ಸೈಫರ್‌ಗಳು (ಗೂಢಲಿಪಿ ವಿಧಾನಗಳು) ನಡೆಯುತ್ತವೆ, ಹಾರ್ಟ್‌ಬ್ಲೀಡ್, ರೋಬಾಟ್ ಮುಂತಾದ ದೌರ್ಬಲ್ಯಗಳಿವೆಯೇ ಎಂದೆಲ್ಲ ನೋಡುತ್ತದೆ. ಪೂರ್ಣ ಪರೀಕ್ಷೆಗೆ ಒಂದು ನಿಮಿಷವೋ ಅದಕ್ಕಿಂತ ಹೆಚ್ಚೋ ಹಿಡಿಯುತ್ತದೆ. ಸರ್ಟಿಫಿಕೇಟ್ ಮಾತ್ರ ಬೇಕಾದವರು ಸರ್ವರ್-ಡೀಫಾಲ್ಟ್ಸ್ ಆಯ್ಕೆಯಿಂದ ಆ ಭಾಗವನ್ನಷ್ಟೇ ಓಡಿಸಬಹುದು.

ಸರ್ಟಿಫಿಕೇಟಿನ ದೃಷ್ಟಿಯಿಂದ ಇದರ ಮೂರು ಗುಣಗಳು ಬೇರೆಡೆ ಸುಲಭವಾಗಿ ಸಿಗುವುದಿಲ್ಲ. ಸರಪಳಿಯನ್ನು ಮೊಜಿಲ್ಲಾ, ಮೈಕ್ರೋಸಾಫ್ಟ್, ಆ್ಯಪಲ್, ಜಾವಾ ಹೀಗೆ ಹಲವು ವಿಶ್ವಾಸಪಟ್ಟಿಗಳ ಎದುರು ಒಟ್ಟಿಗೇ ಪರೀಕ್ಷಿಸುವುದರಿಂದ ಯಾವ ಬಳಕೆದಾರರಿಗೆ ತೊಂದರೆಯಾದೀತು ಎಂದು ಮೊದಲೇ ತಿಳಿಯುತ್ತದೆ. ಒಂದು ಹೆಸರಿಗೆ ಹಲವು ಐಪಿ ವಿಳಾಸಗಳಿದ್ದರೆ ಒಂದೊಂದನ್ನೂ ಪ್ರತ್ಯೇಕವಾಗಿ ನೋಡುತ್ತದೆ. ನಾಲ್ಕು ಯಂತ್ರಗಳಲ್ಲಿ ಮೂರಕ್ಕೆ ಮಾತ್ರ ಹೊಸ ಸರ್ಟಿಫಿಕೇಟ್ ತಲುಪಿ ನಾಲ್ಕನೆಯದು ಹಳೆಯದನ್ನೇ ಹಂಚುತ್ತಿರುವ ಸ್ಥಿತಿ ಇದರಿಂದ ಹೊರಬೀಳುತ್ತದೆ, ಒಂದೇ ಸಂಪರ್ಕ ಮಾಡುವ ಕರ್ಲ್‌ಗೆ ಅದು ಅದೃಷ್ಟವಿದ್ದರೆ ಮಾತ್ರ ಕಾಣುತ್ತದೆ. ಮೂರನೆಯದಾಗಿ, ಆರ್‌ಎಸ್‌ಎ ಮತ್ತು ಇಸಿಡಿಎಸ್‌ಎ ಎಂಬ ಎರಡು ಬಗೆಯ ಕೀಲಿಗಳ ಸರ್ಟಿಫಿಕೇಟುಗಳನ್ನು ಇಟ್ಟುಕೊಂಡ ಸರ್ವರ್‌ನಲ್ಲಿ ಎರಡನ್ನೂ ವರದಿ ಮಾಡುತ್ತದೆ. ಹೊಸ ಗ್ರಾಹಕರು ಸಾಮಾನ್ಯವಾಗಿ ಇಸಿಡಿಎಸ್‌ಎ ಒಂದನ್ನೇ ನೋಡುವುದರಿಂದ, ಆರ್‌ಎಸ್‌ಎಯ ನವೀಕರಣ ತಪ್ಪಿದ್ದರೆ ಹಳೆಯ ಸಾಧನ ಬಳಸುವವರು ದೂರುವವರೆಗೂ ಯಾರಿಗೂ ಸುಳಿವು ಸಿಗುವುದಿಲ್ಲ.

ಎಸ್‌ಎಸ್‌ಎಲ್‌ವೈಜ್ ಪೈಥಾನ್‌ನಲ್ಲಿ ಬರೆದದ್ದು. ಇದೂ ಹಲವು ವಿಶ್ವಾಸಪಟ್ಟಿಗಳನ್ನು ನೋಡುತ್ತದೆ, ಜೇಸನ್ ಕೊಡುತ್ತದೆ, ಪೈಥಾನ್ ಪ್ರೋಗ್ರಾಂನೊಳಗಿಂದ ನೇರವಾಗಿ ಕರೆಯಬಹುದು. ನೂರಾರು ತಾಣಗಳನ್ನು ಕ್ರಮವಾಗಿ ಪರೀಕ್ಷಿಸುವ ತಂಡಕ್ಕೆ ಟೆಸ್ಟ್‌ಎಸ್‌ಎಸ್‌ಎಲ್‌ಗಿಂತ ಇದು ಒಗ್ಗುತ್ತದೆ. ಎಸ್‌ಎಸ್‌ಎಲ್‌ಸ್ಕ್ಯಾನ್ ವೇಗವಾದದ್ದು, ಆದರೆ ಅದರ ಒಲವು ಸೈಫರ್‌ಗಳ ಕಡೆಗೆ. ಜಾವಾ ಪ್ರೋಗ್ರಾಂ ಮಾತ್ರ ಸಂಪರ್ಕ ನಿರಾಕರಿಸುತ್ತಿದ್ದರೆ ಜಾವಾದ ಜೊತೆಗೇ ಬರುವ ಕೀಟೂಲ್‌ನ ಪ್ರಿಂಟ್‌ಸರ್ಟ್ ಆಜ್ಞೆಯನ್ನು ಎಸ್‌ಎಸ್‌ಎಲ್‌ಸರ್ವರ್ ಆಯ್ಕೆಯೊಡನೆ ಓಡಿಸಿ, ಸರಪಳಿಯ ರೂಟ್ ಜಾವಾದ ಸ್ವಂತ ವಿಶ್ವಾಸಪಟ್ಟಿಯಲ್ಲಿದೆಯೇ ಎಂದು ಹೋಲಿಸಬೇಕು.

ರದ್ದಾದ ಸರ್ಟಿಫಿಕೇಟುಗಳ ಬಗ್ಗೆ ಒಂದು ಮಾತು. ಓಪನ್‌ಎಸ್‌ಎಸ್‌ಎಲ್ ಆಗಲಿ ಲಿನಕ್ಸ್‌ನ ಕರ್ಲ್ ಆಗಲಿ ರದ್ದತಿಯನ್ನು ತಾವಾಗಿ ನೋಡುವುದಿಲ್ಲ. ಎಸ್_ಕ್ಲೈಂಟ್‌ನ ಸ್ಟೇಟಸ್ ಆಯ್ಕೆ ಓಸಿಎಸ್‌ಪಿ (ಸರ್ಟಿಫಿಕೇಟ್ ರದ್ದಾಗಿದೆಯೇ ಎಂದು ಕೊಟ್ಟ ಸಂಸ್ಥೆಯಿಂದ ತಿಳಿಯುವ ವಿಧಾನ) ಉತ್ತರ ಬಂದಿಲ್ಲ ಎಂದು ಹೇಳಿದರೆ ಮೊದಲು ಅನುಮಾನಪಡುತ್ತಿದ್ದೆವು. ಲೆಟ್ಸ್ ಎನ್‌ಕ್ರಿಪ್ಟ್ 2025ರ ಆಗಸ್ಟ್‌ನಲ್ಲಿ ಓಸಿಎಸ್‌ಪಿ ಸೇವೆಯನ್ನೇ ಮುಚ್ಚಿ ರದ್ದತಿ ಪಟ್ಟಿಗಳಿಗೆ ಹೊರಳಿರುವುದರಿಂದ ಆ ಸಾಲನ್ನು ಈಗ ದೋಷವೆಂದು ಎಣಿಸುವಂತಿಲ್ಲ.

ಯಾರಿಗೆ ಯಾವುದು

ಒಂದೆರಡು ತಾಣಗಳನ್ನು ನಡೆಸುವವರಿಗೆ, ಹೊಸದೇನನ್ನೂ ಹಾಕಲು ಮನಸ್ಸಿಲ್ಲದಿದ್ದರೆ, ಕರ್ಲ್ ಮತ್ತು ಓಪನ್‌ಎಸ್‌ಎಸ್‌ಎಲ್ ಜೋಡಿ ಸಾಕು: ಸರಿಯಿದೆಯೇ ಎಂದು ಕೇಳಲು ಕರ್ಲ್, ಏಕೆ ಸರಿಯಿಲ್ಲ ಎಂದು ಹುಡುಕಲು ಶೋಸರ್ಟ್ಸ್. ಕ್ರಮ ಮುಖ್ಯ. ಓಪನ್‌ಎಸ್‌ಎಸ್‌ಎಲ್‌ನಿಂದ ಆರಂಭಿಸಿದವರು ವಿವರಗಳಲ್ಲಿ ಕಳೆದುಹೋಗಿ ಹೆಸರಿನ ಹೊಂದಿಕೆಯಂಥ ಮೂಲ ಸಂಗತಿಯನ್ನು ಮರೆಯುತ್ತಾರೆ.

ಒಂದು ಹೊಸ ಪ್ರೋಗ್ರಾಂ ಹಾಕಲು ಅವಕಾಶವಿದ್ದು, ಮುಖ್ಯ ಚಿಂತೆ ನವೀಕರಣದ ಕಾವಲಾಗಿದ್ದರೆ ಸ್ಟೆಪ್ ಆರಿಸಿಕೊಳ್ಳುವುದು ಒಳ್ಳೆಯದು. ಅನುಮತಿ ಸಿಗದ ಕಟ್ಟುನಿಟ್ಟಿನ ಸರ್ವರ್‌ನಲ್ಲಿ ಚೆಕ್‌ಎಂಡ್ ಅನಿವಾರ್ಯ. ಆಗ ಸರ್ಟಿಫಿಕೇಟನ್ನು ಮೊದಲು ಕಡತಕ್ಕೆ ಉಳಿಸಿ, ಕಡತ ಖಾಲಿಯಿಲ್ಲವೆಂದು ಖಚಿತಪಡಿಸಿಕೊಂಡು, ಆಮೇಲೆ ದಿನಾಂಕ ನೋಡಿದರೆ ಸಂಪರ್ಕದ ದೋಷವೂ ಅವಧಿಯ ದೋಷವೂ ಬೆರೆಯುವುದಿಲ್ಲ. ಮೇಲ್ ಸರ್ವರ್ ನೋಡಿಕೊಳ್ಳುವವರು ಓಪನ್‌ಎಸ್‌ಎಸ್‌ಎಲ್ ಅಥವಾ ಗ್ನುಟಿಎಲ್‌ಎಸ್ ಬಿಟ್ಟು ಬೇರೆಡೆಗೆ ಹೋಗಬೇಕಾಗಿಲ್ಲ. ಲೋಡ್ ಬ್ಯಾಲೆನ್ಸರ್, ಎರಡು ಬಗೆಯ ಕೀಲಿ, ಹಳೆಯ ಫೋನುಗಳ ಬಳಕೆದಾರರು ಇವುಗಳಲ್ಲಿ ಯಾವುದಾದರೂ ಇದ್ದರೆ ಪ್ರತಿ ನವೀಕರಣದ ನಂತರ ಒಮ್ಮೆ ಟೆಸ್ಟ್‌ಎಸ್‌ಎಸ್‌ಎಲ್ ಓಡಿಸುವುದನ್ನು ನಿಯಮ ಮಾಡಿಕೊಳ್ಳಬೇಕು. ಅದನ್ನು ಐದು ನಿಮಿಷಕ್ಕೊಮ್ಮೆ ಓಡುವ ಕಾವಲು ವ್ಯವಸ್ಥೆಗೆ ಸೇರಿಸುವುದು ಮಾತ್ರ ಸರ್ವರ್‌ಗೂ ನಿಮಗೂ ವೃಥಾ ಹೊರೆ.

ಯಾವುದನ್ನೇ ಆರಿಸಿದರೂ ಕಾವಲಿಗೆ ಕೂರಿಸುವ ಮೊದಲು ಕೆಟ್ಟ ಸರ್ಟಿಫಿಕೇಟುಗಳ ಮೇಲೆ ಓಡಿಸಿ ನೋಡಿ. ಇದಕ್ಕೆಂದೇ ಬ್ಯಾಡ್‌ಎಸ್‌ಎಸ್‌ಎಲ್ ಡಾಟ್ ಕಾಮ್ ಎಂಬ ತಾಣವಿದೆ. ಅದರ ಎಕ್ಸ್‌ಪೈರ್ಡ್, ರಾಂಗ್ ಡಾಟ್ ಹೋಸ್ಟ್, ಸೆಲ್ಫ್-ಸೈನ್ಡ್, ಅನ್‌ಟ್ರಸ್ಟೆಡ್-ರೂಟ್, ಇನ್‌ಕಂಪ್ಲೀಟ್-ಚೈನ್ ಎಂಬ ಉಪತಾಣಗಳು ಒಂದೊಂದು ದೋಷವನ್ನು ಬೇಕೆಂದೇ ಇಟ್ಟುಕೊಂಡಿವೆ. ನಿಮ್ಮ ಸ್ಕ್ರಿಪ್ಟ್ ಆ ಐದರಲ್ಲಿ ಎಷ್ಟನ್ನು ಹಿಡಿಯುತ್ತದೆ ಎಂದು ಎಣಿಸಿ, ತಪ್ಪಿ ಹೋದದ್ದು ಯಾವುದು ಎಂದು ನೋಡಿದರೆ, ಹೆಸರು ಹೋಲಿಸುವ ಆಯ್ಕೆ ಬಿಟ್ಟುಹೋಗಿದೆಯೋ, ಯಂತ್ರ ತಾನೇ ಮಧ್ಯಂತರವನ್ನು ತಂದುಕೊಳ್ಳುತ್ತಿದೆಯೋ, ಇನ್ಸೆಕ್ಯೂರ್ ಎಲ್ಲಾದರೂ ಉಳಿದಿದೆಯೋ ಎಂಬುದು ಅಲ್ಲಿಯೇ ಗೊತ್ತಾಗುತ್ತದೆ.